ಎರಡು ಸಾಲಿನ ಜಾಗ

ಮುಚ್ಚಳ ಕೂರಲಿಲ್ಲ. ಇಸಾಬೆಲಿನೊ ಅದನ್ನು ಮತ್ತೆ ಎತ್ತಿದ. ಅಣ್ಣನ ಮೊಣಕಾಲಿನ ಪಕ್ಕ ನಿಲ್ಲಿಸಿದ್ದ ನೋಟ್‌ಬುಕ್‌ಗಳನ್ನು ತೆಗೆದು ಪಾದದ ಕೆಳಗೆ ಮಲಗಿಸಿ ಇನ್ನೊಮ್ಮೆ ಇಟ್ಟ. ಈ ಸಲ ತಲೆಯ ಕಡೆ ಕೂತಿತು, ಕಾಲಿನ ಕಡೆ ಎರಡು ಬೆರಳಷ್ಟು ಬಾಯಿ ಬಿಟ್ಟುಕೊಂಡಿತು.

"ಅತ್ತಿಗೆ, ಇದು ಆಗೋ ಕೆಲಸ ಅಲ್ಲ. ಬಡಗಿ ಅಣ್ಣನ ಅಳತೆ ತಗೊಂಡಿದ್ದ, ಅಣ್ಣನ ಪುಸ್ತಕದ ಅಳತೆ ತಗೊಂಡಿರಲಿಲ್ಲ."

"ಒತ್ತು."

"ಒತ್ತಿದ್ರೆ ಅಣ್ಣನ ಕಾಲು ಮುರೀತದೆ."

"ಅವನಿಗಿನ್ನು ಎಲ್ಲಿಗೆ ನಡೆಯೋದಿದೆ?" ಎಂದಳು ಸುನಿಲ್ಡಾ.

ಶವಪೆಟ್ಟಿಗೆಯ ತಲೆಯ ಕಡೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಕೂತಿದ್ದಳು. ಅರವತ್ತೊಂಬತ್ತು ವರ್ಷದ, ತೀರಾ ಕುಳ್ಳ ಹೆಂಗಸು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಬಂದವರಿಗೆ ಚಿಪಾ ರೊಟ್ಟಿ ಸಿಕ್ಕಿತೇ, ಕುರ್ಚಿ ಸಾಕೇ ಎಂದು ಕೂತಲ್ಲಿಂದಲೇ ಕೂಗಿ ಕೇಳುತ್ತಿದ್ದಳು.

ಕ್ರಿಸಾಂತೊ ಒವೆಲಾರ್ ಹಿಂದಿನ ದಿನ, ಸೋಮವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಾವಿನ ಮರದ ಕೆಳಗಿನ ಜೋಲಿಯಲ್ಲಿ ಸತ್ತಿದ್ದ. ಎಪ್ಪತ್ತೊಂದು ವರ್ಷ. ಮೂವತ್ತೊಂದು ವರ್ಷ ಪುಯೆರ್ತೊ ತಾರುಮಾ ಬಂದರಿನಲ್ಲಿ ಅಳತೆಕೋಲಿನವನಾಗಿದ್ದ. ಪ್ರತಿದಿನ ಬೆಳಿಗ್ಗೆ ಆರಕ್ಕೆ ದಡದ ಕೋಲು ನೋಡಿ ಪರಗ್ವಾಯ್ ನದಿಯ ನೀರಿನ ಮಟ್ಟವನ್ನು ರಾಜಧಾನಿಗೆ ರೇಡಿಯೊದಲ್ಲಿ ಹೇಳುವುದು ಅವನ ಕೆಲಸ. ಮಕ್ಕಳಿರಲಿಲ್ಲ. ಹಿಂದೆ ಉಳಿದದ್ದು ಹೆಂಡತಿ, ತಮ್ಮ ಇಸಾಬೆಲಿನೊ, ಒಂದು ಮನೆ ಮತ್ತು ಸ್ಪ್ಯಾನಿಷ್‌ನಲ್ಲಿ ಬರೆದ ಈ ನೋಟ್‌ಬುಕ್‌ಗಳು.

ಬಾಗಿಲಲ್ಲಿ ನಿಂತಿದ್ದವರು ಸರಿದು ದಾರಿ ಬಿಟ್ಟರು. ನೀಮಿಯಾ ಟೀಚರ್ ಒಳಗೆ ಬಂದರು. ಕಣ್ಣು ತೋರಿಸಲು ಕೊನ್ಸೆಪ್ಸಿಯೋನ್‌ಗೆ ಹೋಗಿದ್ದವರು, ಬೆಳಿಗ್ಗೆ ಹೊರಟ ಬಸ್ಸಿನಿಂದ ಮಧ್ಯಾಹ್ನ ಇಳಿಯುವಾಗ ಸುದ್ದಿ ಕೇಳಿ, ಕೈಚೀಲದ ಸಮೇತ ನೇರ ಇಲ್ಲಿಗೇ ಬಂದಿದ್ದರು.

"ಬಂದ್ರು ನೋಡಿ, ಶನಿವಾರದ ಹೆಂಡ್ತಿ," ಎಂದಳು ಸುನಿಲ್ಡಾ, ಯಾರಿಗೂ ಹೇಳದವಳಂತೆ, ಎಲ್ಲರಿಗೂ ಕೇಳುವಂತೆ.

"ಇವತ್ತು ಮಂಗಳವಾರ ಅತ್ತಿಗೆ," ಎಂದ ಇಸಾಬೆಲಿನೊ. ಯಾರೂ ನಗಲಿಲ್ಲ.

ಟೀಚರ್ ಕೇಳಿಸಿಕೊಂಡಂತೆ ತೋರಿಸಲಿಲ್ಲ. ಸತ್ತವನ ಹಣೆಗೆ ಎರಡು ಬೆರಳು ಮುಟ್ಟಿಸಿ, ಒಂದು ನಿಮಿಷ ಕಣ್ಣು ಮುಚ್ಚಿದರು. ತೆರೆದಾಗ ಪೆಟ್ಟಿಗೆಯೊಳಗಿನ ನೋಟ್‌ಬುಕ್‌ಗಳು ಕಂಡವು.

"ಇವೆಲ್ಲ ಇಲ್ಯಾಕೆ?"

"ಅವನದು ಅವನ ಜೊತೆ ಹೋಗ್ಲಿ. ನಂಗೆ ಓದೋಕೆ ಬರಲ್ಲ. ಇಲಿಗೆ ಹಾಕೋಕೆ ಮನಸ್ಸಿಲ್ಲ."

"ಹದಿನಾಲ್ಕನೇದು ನನ್ನ ಹತ್ರ ಇದೆ. ಹೋದ ಶನಿವಾರ ತಿದ್ದೋಕೆ ಕೊಟ್ಟಿದ್ರು."

"ಅದನ್ನೂ ಹಾಕಿ. ಮೂರು ಗಂಟೆಗೆ ಎತ್ತೋದು."

ಟೀಚರ್ ಕೈಚೀಲವನ್ನು ಎದೆಗೆ ಒತ್ತಿಕೊಂಡರು. "ಹಾಕ್ತೀನಿ ನ್ಯಾ ಸುನಿಲ್ಡಾ," ಎಂದರು, ಹಿರಿಯ ಹೆಂಗಸರಿಗೆ ಊರಲ್ಲಿ ಹೇಳುವ ಗೌರವದ 'ನ್ಯಾ' ಸೇರಿಸಿ. " ಮೊದ್ಲು ಅದರಲ್ಲೇನಿದೆ ಅಂತ ನೀವೊಂದ್ಸಲ ಕೇಳಿ."

"ಇಪ್ಪತ್ತಾರು ವರ್ಷ ಕೇಳದೇ ಬದುಕಿದೀನಿ. ಇನ್ನೆರಡು ಗಂಟೆ ಕೇಳದಿದ್ರೆ ಸಾಯಲ್ಲ." ಆಮೇಲೆ ಅವಳ ದನಿ ಇಳಿಯಿತು. ಅದು ಬರೀ ಟೀಚರಿಗೆ ಹೇಳಿದ ಮಾತು. ಆದರೆ ಕೋಣೆ ಚಿಕ್ಕದು, ಎಲ್ಲರಿಗೂ ಕೇಳಿಸಿತು. "ಒಂದೇ ಒಂದು ಹೇಳಿ ಟೀಚರ್. ಇವನ ಮಾತು ಗ್ವಾರಾನಿ. ಕನಸಲ್ಲಿ ಬಡಬಡಿಸ್ತಿದ್ದಿದ್ದೂ ಗ್ವಾರಾನಿನೇ. ಬರೆಯೋಕೆ ಕೂತಾಗ ಮಾತ್ರ ನಂಗೆ ಬರದ ಭಾಷೆ ಯಾಕೆ ಬೇಕಾಯ್ತು? ನನ್ನಿಂದ ಮುಚ್ಚಿಡೋಕೆ ತಾನೆ?"

*

1987ರವರೆಗೆ ಕ್ರಿಸಾಂತೊನಿಗೆ ಸ್ಪ್ಯಾನಿಷ್‌ನಲ್ಲಿ ಅಂಕಿಗಳು ಬರುತ್ತಿದ್ದವು, ಜೊತೆಗೆ ಮೂರು ಪದ: ಏರುತ್ತಿದೆ, ಇಳಿಯುತ್ತಿದೆ, ನಿಂತಿದೆ. ರೇಡಿಯೊದಲ್ಲಿ ನದಿಯ ಬಗ್ಗೆ ಹೇಳಲು ಅಷ್ಟು ಸಾಕಾಗಿತ್ತು. ಆ ವರ್ಷ ಶಾಲೆಯಲ್ಲಿ ದೊಡ್ಡವರಿಗೆ ಸಂಜೆ ತರಗತಿ ಶುರುವಾದಾಗ ಹೆಸರು ಬರೆಸಿದ ಹನ್ನೊಂದು ಜನರಲ್ಲಿ ಅವನೂ ಒಬ್ಬ. ಆಗ ಅವನಿಗೆ ನಲವತ್ತೈದು. ಪಾಸಾದವನು ಅವನೊಬ್ಬನೇ.

ತರಗತಿ ಮುಗಿದ ಮೇಲೂ ಪ್ರತಿ ಶನಿವಾರ ಮಧ್ಯಾಹ್ನ ಅವನು ಸ್ನಾನ ಮಾಡಿ, ತಲೆ ಬಾಚಿ, ಕಂಕುಳಲ್ಲಿ ನೋಟ್‌ಬುಕ್ ಇಟ್ಟುಕೊಂಡು ಚರ್ಚಿನ ಹಿಂದಿದ್ದ ಟೀಚರ ಮನೆಗೆ ಹೋಗತೊಡಗಿದ. ಜಗಲಿಯಲ್ಲಿ, ಬೀದಿಗೆ ಮುಖಮಾಡಿ, ಇಬ್ಬರೂ ಕೂರುತ್ತಿದ್ದರು. ಟೀಚರ ಕೈಯಲ್ಲಿ ಕೆಂಪು ಪೆನ್ಸಿಲ್. ಎರಡು ಗಂಟೆ ಹೊತ್ತು. ನೀಮಿಯಾ ಫ್ರಾಂಕೊ ಮದುವೆಯಾಗಿರಲಿಲ್ಲ. ಬಾಗಿಲು ತೆರೆದಿಟ್ಟು, ಬೀದಿಯವರೆಲ್ಲರ ಕಣ್ಣೆದುರೇ ಪಾಠ ಮಾಡುತ್ತಿದ್ದರು. ಊರಿಗೆ ಇದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಮೊದಲ ವರ್ಷ ಎಲ್ಲರೂ ಮಾತಾಡಿಕೊಂಡರು, ಎರಡನೇ ವರ್ಷ ಬೇರೆ ಸುದ್ದಿ ಸಿಕ್ಕಿತು.

ಸುನಿಲ್ಡಾ ಒಂದೇ ಸಲ ಕೇಳಿದ್ದಳು. ಬಂದರಿನಲ್ಲಿ ಚಿಪಾ ಮಾರಿ ಬಂದು ಬುಟ್ಟಿ ಇಳಿಸುತ್ತಿದ್ದಾಗ ಅವನು ಕಿಟಕಿಯ ಬಳಿ ಬರೆಯುತ್ತ ಕೂತಿದ್ದ.

"ಏನು ಬರೀತೀಯ ಅಷ್ಟು?"

"ಸುಳ್ಳು."

"ಎಂಥ ಸುಳ್ಳು? ನಂಗೂ ಹೇಳು."

ಅವನು ಪೆನ್ನು ಕೆಳಗಿಟ್ಟ. ಅವಳ ಮುಖ ನೋಡಿದ. "ಅದು ಈ ಮನೇಲಿ ಹೇಳೋ ಹಾಗಿಲ್ಲ ಸುನಿ," ಎಂದ.

ಅವಳು ಮತ್ತೆ ಕೇಳಲಿಲ್ಲ. ಬೇರೆ ಯಾರಿಂದಲಾದರೂ ಓದಿಸಬಹುದಿತ್ತು. ಎದುರು ಮನೆಯ ಹುಡುಗಿಯರಿಗೆ ಸ್ಪ್ಯಾನಿಷ್ ಬರುತ್ತಿತ್ತು. ಆದರೆ ಗಂಡ ಏನು ಬರೆಯುತ್ತಾನೆಂದು ಬೀದಿಯವರನ್ನು ಕೇಳುವ ಹೆಂಗಸು ಅವಳಲ್ಲ. ನೋಟ್‌ಬುಕ್‌ಗಳ ಕಪಾಟಿನ ಧೂಳನ್ನು ವಾರಕ್ಕೊಮ್ಮೆ ಒರೆಸುತ್ತಿದ್ದಳು.

*

"ನಾನೂ ಇದನ್ನೇ ಕೇಳಿದ್ದೆ," ಎಂದರು ನೀಮಿಯಾ ಟೀಚರ್. ಯಾರೋ ಕೊಟ್ಟ ಕುರ್ಚಿಯಲ್ಲಿ ಕೂತರು. ಈಗ ಅವರಿಬ್ಬರ ನಡುವೆ ಕ್ರಿಸಾಂತೊನ ತಲೆಯಿತ್ತು. "ಮೊದಲನೇ ನೋಟ್‌ಬುಕ್ ತಂದಾಗ ಒಂದೊಂದು ಸಾಲಿಗೂ ಏಳೆಂಟು ತಪ್ಪು. ಓದಿ ನಂಗೇ ಸುಸ್ತಾಯ್ತು. ಯಾಕಿಷ್ಟು ಕಷ್ಟಪಡ್ತೀರಿ, ನಮ್ಮ ಮಾತಲ್ಲೇ ಬರೀರಿ, ನಿಮಗಿಂತ ಚೆನ್ನಾಗಿ ಅದರಲ್ಲಿ ಹೇಳೋರು ಯಾರಿದಾರೆ ಅಂದೆ. ಟೋಪಿ ತಿರುಗಿಸ್ತಾ ಕೂತ್ರು. 'ಆಗಲ್ಲ ಟೀಚರ್, ಇದು ಅವನ ಕತೆ' ಅಂದ್ರು."

"ಯಾವನ ಕತೆ?"

"ಅದೇ, ರಾತ್ರಿಯ ಯಜಮಾನನದು."

ಪ್ರಾರ್ಥನೆ ಹೇಳಿಸಲು ಬಂದಿದ್ದ ನ್ಯಾ ಬ್ಲಾಸಿಡಾ ಶಿಲುಬೆಯ ಗುರುತು ಮಾಡಿಕೊಂಡಳು. ಬಾಗಿಲ ಬಳಿಯ ಇಬ್ಬರು ಗಂಡಸರು ಹೊರಗಿನ ಪೊದೆಯತ್ತ ಒಮ್ಮೆ ನೋಡಿದರು. ಮಧ್ಯಾಹ್ನ ಹನ್ನೆರಡೂವರೆ, ಬಿಸಿಲಿತ್ತು.

"'ನಮ್ಮ ಮಾತಲ್ಲಿ ಹೆಸರು ಬರೆದ್ರೆ ಅವನಿಗೆ ಗೊತ್ತಾಗುತ್ತೆ. ಬಂದು ಬಾಗಿಲಲ್ಲಿ ಕೂರ್ತಾನೆ. ಸ್ಪ್ಯಾನಿಷ್ ಅವನಿಗೆ ಬರೋದಿಲ್ಲ. ಅವನ ಹೆಸರು ಈ ಮನೇಲಿ ಎತ್ತಲ್ಲ ಅಂತ ಸುನಿಗೆ ಮಾತು ಕೊಟ್ಟಿದೀನಿ' ಅಂದ್ರು. ಇಷ್ಟೇ. ಆಮೇಲೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಆ ಕೋಣೆಯಲ್ಲಿ ಇದನ್ನು ಕೇಳಿ ನಗುವವರು ಯಾರೂ ಇರಲಿಲ್ಲ. ಹೆಸರೆತ್ತಿದರೆ ಅವನು ಬರುತ್ತಾನೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ನಂಬದವರೂ ಹೆಸರೆತ್ತುವುದಿಲ್ಲ.

"ನಾನು ಮಾತು ತಗೊಂಡಿದ್ನಾ?" ಎಂದಳು ಸುನಿಲ್ಡಾ.

"ಹಾಗಂದ್ರು."

ಅವಳು ಗಂಡನ ಮುಖ ನೋಡಿದಳು. ದವಡೆಗೆ ಕಟ್ಟಿದ್ದ ಬಟ್ಟೆ ಸ್ವಲ್ಪ ಸಡಿಲವಾಗಿತ್ತು. ಅದನ್ನು ಸರಿಮಾಡಿದಳು.

"ಅವನಿಗೂ ಸ್ಪ್ಯಾನಿಷ್ ಬರಲ್ಲ, ನಂಗೂ ಬರಲ್ಲ," ಎಂದಳು. "ಇಬ್ಬರನ್ನೂ ಒಟ್ಟಿಗೇ ಆಚೆ ನಿಲ್ಲಿಸಿದ ನೋಡಿ, ಈ ಪೆದ್ದ."

*

1969ರ ಜುಲೈ. ಮದುವೆಯಾಗಿ ಹದಿನೇಳು ತಿಂಗಳು. ಕ್ರಿಸಾಂತೊ ಆಗ ಸರಕಿನ ದೋಣಿಗಳಲ್ಲಿ ಕೆಲಸ ಮಾಡುತ್ತಿದ್ದ. ತಿಂಗಳಿಗೆ ಆರು ರಾತ್ರಿ ಮನೆಯಲ್ಲಿರುತ್ತಿದ್ದ. ಅವನಂಥ ಕತೆಗಾರ ನದಿಯ ಮೇಲೆ ಇನ್ನೊಬ್ಬನಿಲ್ಲ ಎಂದು ಮೂರು ದೋಣಿಗಳ ಜನ ಹೇಳುತ್ತಿದ್ದರು. ಅವನ ಕಾವಲಿನ ಸರದಿಯಲ್ಲಿ ಮಲಗಬೇಕಾದವರೂ ಕತೆ ಕೇಳಲು ಎದ್ದು ಕೂರುತ್ತಿದ್ದರು.

ಆ ಸಲ ಮನೆಗೆ ಬಂದಾಗ ಹೆಂಡತಿಗೂ ಹೇಳಿದ. ಊರ ಹೊರಗಿನ ಪೊದೆಗಳಲ್ಲಿ ಇರುವವನ ಕತೆ: ಗಿಡ್ಡ, ಪಾದದ ತುಂಬ ಕೂದಲು, ನಡೆದರೆ ಸದ್ದಾಗದು, ಕಟ್ಟಿದ ಕುದುರೆ ಬಿಚ್ಚಿಬಿಡುತ್ತಾನೆ. ಹೇಳುವ ಹುರುಪಿನಲ್ಲಿ ಹೆಸರನ್ನು ಮೂರು ಸಲ ಎತ್ತಿದ. ಅವನು ಹಾಕುವ ಸಿಳ್ಳೆಯನ್ನೂ ಹಾಕಿ ತೋರಿಸಿದ. ಸುನಿಲ್ಡಾ ಹೊದಿಕೆಯೊಳಗಿನಿಂದ ಕೈ ಚಾಚಿ ಅವನ ಬಾಯಿ ಮುಚ್ಚಿದಳು. ಇಬ್ಬರೂ ನಕ್ಕರು. ಮರುದಿನ ಬೆಳಿಗ್ಗೆ ಅವನು ದೋಣಿ ಹತ್ತಿದ.

ಆಮೇಲಿನ ಹನ್ನೊಂದು ರಾತ್ರಿ ಮನೆಯ ಸುತ್ತ ಯಾರೋ ನಡೆದರು. ಕೋಳಿಗೂಡಿನಲ್ಲಿ ಮೊಟ್ಟೆ ಇರಲಿಲ್ಲ. ಎರಡು ಸಲ ಕುದುರೆಯ ಹಗ್ಗ ಬಿಚ್ಚಿತ್ತು. ಕಳ್ಳನೋ, ನರಿಯೋ, ಗಾಳಿಯೋ, ಯಾರೂ ನೋಡಲಿಲ್ಲ. ಆಗ ಹತ್ತಿರದ ಮನೆ ನಾನೂರು ಮೀಟರ್ ದೂರ. ಇಪ್ಪತ್ತೈದು ವರ್ಷದ ಹೆಂಗಸು ಕೊಡಲಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಅವನು ಬಂದಾಗ ಅವಳು ನಾಲ್ಕು ಕಿಲೊ ಇಳಿದಿದ್ದಳು. ಊಟ ಬಡಿಸಿ, ಎದುರು ನಿಂತು, "ಇನ್ನು ಈ ಮನೇಲಿ ಅವನ ಹೆಸರು ಬೇಡ, ಅವನ ಕತೆ ಬೇಡ. ನನ್ನ ಮೇಲೆ ಆಣೆ ಮಾಡು," ಎಂದಳು.

"ಆಣೆ. ನಮ್ಮ ಮಾತಲ್ಲಿ ಅವನನ್ನ ಯಾವತ್ತೂ ಎತ್ತಲ್ಲ," ಎಂದ ಕ್ರಿಸಾಂತೊ.

ಎರಡು ವರ್ಷದ ಮೇಲೆ ದೋಣಿಯ ಕೆಲಸ ಬಿಟ್ಟು ಅಳತೆಕೋಲಿನ ಕೆಲಸ ಹಿಡಿದ. ದಿನಾ ರಾತ್ರಿ ಮನೆಯಲ್ಲಿ ಮಲಗಬಹುದಾದ ಕೆಲಸ ಬಂದರಿನಲ್ಲಿ ಅದೊಂದೇ ಇತ್ತು. ಅವಳ ಹೆದರಿಕೆ ಹೋಯಿತು. ಹೋದ ಮೇಲೆ ಆಣೆಯೂ ಮರೆತುಹೋಯಿತು. ಅವನು ಅದಾದ ಮೇಲೆ ಎಲ್ಲಿಯೂ ಯಾರಿಗೂ ಕತೆ ಹೇಳಿದ್ದನ್ನು ಊರಿನವರು ಕಂಡಿಲ್ಲ.

*

"ಓದಿ," ಎಂದಳು ಸುನಿಲ್ಡಾ.

"ಯೇಸುವೇ!" ನ್ಯಾ ಬ್ಲಾಸಿಡಾ ಜಪಮಾಲೆಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು. "ಹೆಣದ ಮುಂದೆ ಅವನ ಕತೆ ಓದೋದಾ? ಹಾಗಾದ್ರೆ ನಾನು ಹೊರಟೆ. ಆತ್ಮಕ್ಕೆ ದಾರಿ ತೋರ್ಸೋ ಹೊತ್ತಲ್ಲಿ ಅವನನ್ನ ಕರೀತೀರಾ?"

"ಹಗಲಲ್ಲಿ ಅವನು ಮಲಗಿರ್ತಾನೆ ನ್ಯಾ ಬ್ಲಾಸಿಡಾ," ಎಂದ ಇಸಾಬೆಲಿನೊ. "ನಿಮ್ಮ ಯಜಮಾನರ ಹಾಗೆ."

"ನಿನ್ನ ನಾಲಿಗೆಗೆ ಹುಳ ಬೀಳ."

"ಹೆಸರು ಎಲ್ಲೂ ಇಲ್ಲ," ಎಂದರು ಟೀಚರ್. "ಪುಸ್ತಕದಲ್ಲಿ ಅವನು ಓರ್ವಾಲಾನ್ ಅನ್ನೋ ರಾಜ. ನಾನು ನಮ್ಮ ಮಾತಿಗೆ ತಿರುಗಿಸಿ ಹೇಳುವಾಗಲೂ ರಾಜ ಅಂತಲೇ ಹೇಳ್ತೀನಿ."

ಬ್ಲಾಸಿಡಾ ಯೋಚಿಸಿ, ಕುರ್ಚಿಯನ್ನು ಬಾಗಿಲಿಗೆ ಹತ್ತಿರ ಎಳೆದುಕೊಂಡು ಕೂತಳು. ಹೋಗಲಿಲ್ಲ.

ಇಸಾಬೆಲಿನೊ ಮುಚ್ಚಳ ಗೋಡೆಗೆ ಒರಗಿಸಿದ. ಟೀಚರ್ ಪೆಟ್ಟಿಗೆಗೆ ಬಗ್ಗಿ, ಕ್ರಿಸಾಂತೊನ ಪಾದದ ಅಡಿಯಿಂದ ನೋಟ್‌ಬುಕ್‌ಗಳನ್ನು ಒಂದೊಂದಾಗಿ ಎತ್ತಿ, ಬೆನ್ನಿನ ಮೇಲೆ ಬರೆದ ಅಂಕಿ ನೋಡಿ, ನಾಲ್ಕನೆಯದನ್ನು ಆರಿಸಿಕೊಂಡರು. ಕನ್ನಡಕ ಬದಲಿಸಿದರು. ಒಂದು ಸಾಲು ಮನಸ್ಸಿನಲ್ಲೇ ಸ್ಪ್ಯಾನಿಷ್‌ನಲ್ಲಿ ಓದುವುದು, ತಲೆಯೆತ್ತಿ ಗ್ವಾರಾನಿಯಲ್ಲಿ ಹೇಳುವುದು. ನಿಧಾನವಾಗಿ, ತರಗತಿಯ ದನಿಯಲ್ಲಿ.

ಆ ರಾಜ್ಯದಲ್ಲಿ ನದಿಗಳಿಗೆ ಕಾಲಿದ್ದವು. ಬೇಸರವಾದರೆ ಅವು ಎದ್ದು ಬೇರೆ ಕಣಿವೆಗೆ ಹೋಗಿ ಮಲಗುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ನದಿ ಒಂದು ಬೆಳಿಗ್ಗೆ ಎದ್ದು ರಾಜನಿಗೂ ಅವನ ಅರಮನೆಗೂ ನಡುವೆ ಬಂದು ಮಲಗಿಬಿಟ್ಟಿತು. ಅದಕ್ಕೆ ಸೇತುವೆ ನಿಲ್ಲದು, ದೋಣಿ ತೇಲದು. ದಾಟಿಸಬಲ್ಲವಳು ದಡದಲ್ಲಿ ಅಡುಗೆ ಮಾಡಿಕೊಂಡಿರುವ ತಾಪಿಯಾ ಎಂಬ ದೈತ್ಯೆ ಒಬ್ಬಳೇ. ಅವಳು ನೀರಿಗಿಳಿದರೆ ಸೊಂಟದವರೆಗೆ ಬರುತ್ತದೆ. ಮನಸ್ಸು ಬಂದರೆ ಜನರನ್ನು ಹೊತ್ತು ದಾಟಿಸುತ್ತಾಳೆ, ಬರದಿದ್ದರೆ ಬೈದು ಕಳಿಸುತ್ತಾಳೆ.

"ಈಗ ರಾಜನ ಸೇನಾಪತಿ ಬರ್ತಾನೆ," ಎಂದರು ಟೀಚರ್. "ಆರು ಸಾವಿರ ಸೈನಿಕರು. ಖಡ್ಗ ಎತ್ತಿ, ದಾಟಿಸು ಅಂತ ಆಜ್ಞೆ ಮಾಡ್ತಾನೆ. ಅದಕ್ಕೆ ತಾಪಿಯಾ ಹೇಳ್ತಾಳೆ..." ಅವರು ಸಾಲು ನೋಡಿದರು. "'ಇಷ್ಟುದ್ದ ಕತ್ತಿ ಹಿಡ್ಕೊಂಡು ಬಂದಿದೀಯಲ್ಲ, ಅದರಲ್ಲಿ ಒಂದು ಮರಗೆಣಸು ಸುಲಿಯೋಕೆ ಬರುತ್ತಾ? ಬರಲ್ಲ ಅಂದ್ರೆ ಆ ಕಡೆ ನಿಲ್ಲು, ಬೆಳಕಿಗೆ ಅಡ್ಡ ಆಗ್ತೀಯ.'"

ಮೂಲೆಯಲ್ಲಿ ಯಾರೋ ಕೆಮ್ಮಿದರು. ಕೆಮ್ಮಲ್ಲ, ನಗು ಎಂಬುದು ಮರುಕ್ಷಣ ಗೊತ್ತಾಯಿತು.

"ಇದು ಅತ್ತಿಗೆಯ ಮಾತು!" ಎಂದ ಇಸಾಬೆಲಿನೊ. "ಅಪ್ಪಟ ಅತ್ತಿಗೆ! ಬೆಳಕಿಗೆ ಅಡ್ಡ ಆಗ್ತೀಯ ಅಂತ ನನ್ನ ಮದುವೆ ದಿನವೂ ನಂಗೆ ಅಂದಿದ್ಲು."

"ಇನ್ನೊಂದು ಓದಿ ಟೀಚರ್," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ನ್ಯಾ ಬ್ಲಾಸಿಡಾಳದು.

ಟೀಚರ್ ಏಳನೆಯದನ್ನು ತೆರೆದರು. ಅಲ್ಲಿ ಕಲ್ಲನ್ನು ಚಿನ್ನ ಮಾಡುವ ಮಾಂತ್ರಿಕ ಬಂದಿದ್ದ. ತಾಪಿಯಾ ಅವನಿಗೆ, "ಚಿನ್ನ ಮಾಡಿದ್ದು ಸಾಕು, ಈ ಒದ್ದೆ ಸೌದೆ ಒಣಗಿಸೋಕೆ ಬರುತ್ತಾ ನೋಡು. ಅದೂ ಬರಲ್ವಾ? ನಿಮ್ಮಮ್ಮ ನಿಂಗೇನು ಕಲಿಸಿದ್ಲು?" ಎಂದಿದ್ದಳು. ಈಗ ಕೋಣೆ ಬಾಯಿಬಿಟ್ಟು ನಕ್ಕಿತು. ಅಂಗಳದಲ್ಲಿದ್ದವರು ಏನಾಯಿತೆಂದು ಕಿಟಕಿಯಲ್ಲಿ ಇಣುಕಿದರು.

"ದೈತ್ಯೆಯಂತೆ!" ಎಂದ ಇಸಾಬೆಲಿನೊ ಕಣ್ಣೊರೆಸಿಕೊಳ್ಳುತ್ತ. "ಮೇಲಿನ ಹಲಗೆಯ ಮಡಕೆ ಇಳಿಸೋಕೆ ಕುರ್ಚಿ ಬೇಕು ಈ ದೈತ್ಯೆಗೆ."

ಸುನಿಲ್ಡಾ ನಗಲಿಲ್ಲ. ಅವಳು ಕೈ ಎತ್ತಿದಳು, ಎಲ್ಲರೂ ಸುಮ್ಮನಾದರು.

"ಅಡುಗೆಮನೆಗೆ ಬರ್ತಿದ್ದ," ಎಂದಳು. "ನಾನು ಕೆಲಸದಲ್ಲಿದ್ದಾಗಲೇ ಬರ್ತಿದ್ದ. 'ಸುನಿ, ಒಬ್ಬ ಸೇನಾಪತಿ ಬಂದು ಹೊಳೆ ದಾಟಿಸು ಅಂದ್ರೆ ಏನಂತೀಯ?' ಯಾವ ಸೇನಾಪತಿ ಅಂದ್ರೆ, 'ಯಾವನೋ ಒಬ್ಬ, ಹೇಳು' ಅಂತಿದ್ದ. ನಾನು ಬಾಯಿಗೆ ಬಂದಿದ್ದು ಬೈದು ಕಳಿಸ್ತಿದ್ದೆ. ಇಷ್ಟು ವಯಸ್ಸಾದ್ರೂ ಕೀಟಲೆ ಹೋಗ್ಲಿಲ್ಲ ಅಂದ್ಕೊಳ್ತಿದ್ದೆ. ಸುಮ್ನೆ ತಲೆಯಾಡಿಸಿ ಹೊರಟುಹೋಗ್ತಿದ್ದ."

ನೀಮಿಯಾ ಟೀಚರ್ ಎದ್ದು ನೋಟ್‌ಬುಕ್ ತಿರುಗಿಸಿ ಅವಳೆದುರು ಹಿಡಿದರು. "ಅಕ್ಷರ ಬೇಡ, ಬಣ್ಣ ನೋಡಿ. ಪುಟದ ತುಂಬ ಕೆಂಪು ಗೆರೆ ಇದೆಯಲ್ಲ, ಅದು ನಾನು ತಿದ್ದಿದ್ದು. ಈ ಎರಡು ಸಾಲಲ್ಲಿ ಇದೆಯಾ?"

"ಇಲ್ಲ."

"ಇದು ತಾಪಿಯಾಳ ಮಾತು. ಶನಿವಾರ ತರೋವಾಗ ಈ ಜಾಗ ಯಾವಾಗಲೂ ಖಾಲಿ ಇರ್ತಿತ್ತು. ಎರಡೇ ಸಾಲು. 'ಇಲ್ಲಿಗೆ ಮಾತು ಮನೆಯಿಂದ ಬರ್ಬೇಕು' ಅಂತಿದ್ರು. ಮುಂದಿನ ಶನಿವಾರ ತುಂಬ್ಕೊಂಡು ಬರೋರು. ತಪ್ಪಿದ್ರೂ ತಿದ್ದೋಕೆ ಬಿಡ್ತಿರಲಿಲ್ಲ. ಪೆನ್ಸಿಲ್ ಮೇಲೆ ಕೈ ಇಡೋರು." ಟೀಚರ ಕತ್ತು ಕೆಂಪಾಗಿತ್ತು. "ಬೇರೇದೆಲ್ಲ ನನಗೆ ಕೊಟ್ಟರು ನ್ಯಾ ಸುನಿಲ್ಡಾ. ಇದನ್ನ ಮಾತ್ರ ಮುಟ್ಟೋಕೆ ಬಿಡಲಿಲ್ಲ. ಆ ಎರಡು ಸಾಲು ನೋಡೋಕೆ ನಾನು ಶನಿವಾರದಿಂದ ಶನಿವಾರಕ್ಕೆ ಕಾಯ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸುನಿಲ್ಡಾ ಪಕ್ಕದ ಕುರ್ಚಿಯ ಮೇಲಿದ್ದ ತಟ್ಟೆಯಿಂದ ಒಂದು ಚಿಪಾ ಎತ್ತಿ ಟೀಚರ ಕೈಗೆ ಕೊಟ್ಟಳು.

"ಬಸ್ಸಿಂದ ನೇರ ಬಂದಿದೀರಿ. ಏನೂ ತಿಂದಿಲ್ಲ. ತಿನ್ನಿ."

ಟೀಚರ್ ತಿಂದರು. ಸುನಿಲ್ಡಾ ಇಸಾಬೆಲಿನೊನತ್ತ ತಿರುಗಿದಳು. "ಎಲ್ಲ ಹೊರಗೆ ತೆಗಿ. ಒಂದೂ ಬಿಡಬೇಡ. ಕಾಲ ಕೆಳಗೆ ಹಾಕಿದೀಯಲ್ಲ, ಬುದ್ಧಿ ಬೇಡ್ವಾ ನಿಂಗೆ?"

"ನಾನಾ ಹಾಕಿದ್ದು?" ಎಂದ ಇಸಾಬೆಲಿನೊ, ಆದರೆ ತೆಗೆದ.

ಗಂಟೆ ಎರಡೂಕಾಲಾಗಿತ್ತು. ಹದಿನಾಲ್ಕನೆಯದು ಇನ್ನೂ ಕೈಚೀಲದಲ್ಲೇ ಇತ್ತು. ಟೀಚರ್ ಅದನ್ನು ಹೊರತೆಗೆದು ಬರೆದ ಕೊನೆಯ ಪುಟಕ್ಕೆ ಬಂದರು. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿಯಿತ್ತು. ರಾಜ ಓರ್ವಾಲಾನ್‌ಗೆ ಈಗ ವಯಸ್ಸಾಗಿದೆ, ಎಂದು ಹೇಳತೊಡಗಿದರು. ಸೇನೆ ಚದುರಿಹೋಗಿದೆ. ಕಿರೀಟವನ್ನು ಯಾವುದೋ ನದಿ ಕೊಂಡುಹೋಗಿದೆ. ಅವನು ಬರಿಗಾಲಲ್ಲಿ ಒಬ್ಬನೇ ದಡಕ್ಕೆ ಬರುತ್ತಾನೆ. ತಾಪಿಯಾ ಒಲೆಯ ಮುಂದಿದ್ದಾಳೆ. ಅವನು ಹೇಳುತ್ತಾನೆ: "ನನ್ನ ಹತ್ತಿರ ಈಗ ಏನೂ ಇಲ್ಲ. ದಾಟಿಸುತ್ತೀಯಾ?"

ಟೀಚರ್ ನಿಲ್ಲಿಸಿದರು.

"ಆಮೇಲೆ?" ಎಂದಳು ಬ್ಲಾಸಿಡಾ.

"ಎರಡು ಸಾಲು ಖಾಲಿ."

ಎಲ್ಲರೂ ಸುನಿಲ್ಡಾಳನ್ನು ನೋಡಿದರು. ಅವಳು ಮಡಿಲಲ್ಲಿದ್ದ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಕೆಲಸವಿಲ್ಲದ ಕೈಗಳು.

"ಕೇಳೋನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳ್ಬೇಕು," ಎಂದಳು. "ಹೀಗೆ ಮಲ್ಕೊಂಡು ಕೇಳಿದ್ರೆ ನಾನೇನು ಹೇಳ್ಲಿ?"

ಆಗ ಅವಳು ಅತ್ತಳು. ನ್ಯಾ ಬ್ಲಾಸಿಡಾ ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, ಮೆಲ್ಲನೆ ಪ್ರಾರ್ಥನೆ ಶುರುಮಾಡಿದಳು. ಉಳಿದವರು ದನಿಗೂಡಿಸಿದರು. ಮೂರು ಗಂಟೆಗೆ ಮುಚ್ಚಳ ಸರಿಯಾಗಿ ಕೂತಿತು.

*

ಸ್ಮಶಾನ ಊರಿನ ಉತ್ತರಕ್ಕೆ, ಒಂದು ಕಿಲೊಮೀಟರ್ ದೂರದ ಗುಡ್ಡದ ಮೇಲಿದೆ. ಪ್ರವಾಹ ಅಲ್ಲಿಗೆ ಬರುವುದಿಲ್ಲ. ಪೆಟ್ಟಿಗೆಯನ್ನು ಆರು ಜನ ಹೊತ್ತರು. ನಡುವೆ ಎರಡು ಸಲ ಇಳಿಸಿ ಹೆಗಲು ಬದಲಿಸಿದರು. ಮಣ್ಣು ಮುಚ್ಚಿ, ಶಿಲುಬೆ ನೆಟ್ಟು, ಊರಿನ ವಾಡಿಕೆಯಂತೆ ಅದಕ್ಕೆ ಬಟ್ಟೆ ಹೊದಿಸುವಾಗ ನಾಲ್ಕೂಮುಕ್ಕಾಲು. ಸಂಜೆಯಿಂದ ಒಂಬತ್ತು ದಿನ ಮನೆಯಲ್ಲಿ ಪ್ರಾರ್ಥನೆ. ಬ್ಲಾಸಿಡಾ ಬೇಗ ಬೇಗ ಇಳಿದು ಹೋದಳು, ದೀಪ ಹಚ್ಚಬೇಕಿತ್ತು.

ಜನ ಇಳಿಜಾರಿನಲ್ಲಿ ಚದುರಿದರು. ಸುನಿಲ್ಡಾ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ನೀಮಿಯಾ ಟೀಚರ್ ಅವಳ ಪಕ್ಕದಲ್ಲಿ, ಹೆಜ್ಜೆ ಚಿಕ್ಕದು ಮಾಡಿಕೊಂಡು. ಸ್ಮಶಾನದ ಗೇಟಿನಿಂದ ಇಪ್ಪತ್ತು ಹೆಜ್ಜೆ ಬಂದ ಮೇಲೆ ಸುನಿಲ್ಡಾ ಥಟ್ಟನೆ ನಿಂತಳು.

"ಇದೆಯಾ ಅದು?"

"ಯಾವುದು?"

"ಹದಿನಾಲ್ಕನೇದು. ತೆಗೀರಿ. ಬರ್ಕೊಳ್ಳಿ."

ಟೀಚರ್ ತೆಗೆದರು. ಪೆನ್ನು ಹುಡುಕಿದರು. ಕೆಂಪು ಪೆನ್ಸಿಲ್ ಮೊದಲು ಕೈಗೆ ಬಂತು. ಅದನ್ನು ಮತ್ತೆ ಚೀಲಕ್ಕೆ ಹಾಕಿ ನೀಲಿ ಪೆನ್ನು ಹುಡುಕಿದರು.

"ಅವನಿಗೆ ಹೇಳಿ," ಎಂದಳು ಸುನಿಲ್ಡಾ, ನದಿಯ ಕಡೆ ನೋಡುತ್ತ. ದನಿ ಬಂದರಿನಲ್ಲಿ ಗಿರಾಕಿಯನ್ನು ಗದರುವ ದನಿ. "'ಏನೂ ಇಲ್ವಾ? ಒಳ್ಳೇದಾಯ್ತು, ಭಾರ ಕಮ್ಮಿ. ಕಾಲು ತೊಳ್ಕೊಂಡು ಹತ್ತು. ನಡುನೀರಲ್ಲಿ ಕತೆ ಶುರುಮಾಡ್ಬೇಡ, ನಗು ಬಂದ್ರೆ ನಿನ್ನ ಬೀಳಿಸಿಬಿಡ್ತೀನಿ.' ಅಷ್ಟೇ. ಹೆಚ್ಚಾಯ್ತಾ? ಎರಡು ಸಾಲಲ್ಲಿ ಹಿಡಿಯುತ್ತಾ?"

"ಹಿಡಿಯುತ್ತೆ. ನಮ್ಮ ಮಾತಲ್ಲೇ ಬರೀಲಾ?"

ಸುನಿಲ್ಡಾ ದಾರಿಯ ಎರಡೂ ಬದಿಯ ಪೊದೆಗಳನ್ನು ನೋಡಿದಳು. ಬಿಸಿಲು ಅವುಗಳ ತುದಿಯಲ್ಲಿ ಮಾತ್ರ ಉಳಿದಿತ್ತು.

"ಬೇಡ. ಕತ್ತಲಾಗ್ತಾ ಬಂತು. ಸ್ಪ್ಯಾನಿಷಲ್ಲೇ ಬರೀರಿ."

ಟೀಚರ್ ನೋಟ್‌ಬುಕ್ ಅಂಗೈ ಮೇಲೆ ಇಟ್ಟುಕೊಂಡು ಬರೆಯಲು ನೋಡಿದರು. ಹಾಳೆ ಬಗ್ಗಿತು, ಪೆನ್ನು ಜಾರಿತು. ಒರಗಿಸಲು ಅಲ್ಲಿ ಮರವಿರಲಿಲ್ಲ, ಸ್ಮಶಾನದ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು.

"ತಿರುಗಿ," ಎಂದರು ಟೀಚರ್. "ಸ್ವಲ್ಪ ಬಗ್ಗಿ."

ಸುನಿಲ್ಡಾ ತಿರುಗಿ, ಎರಡೂ ಕೈ ಮಂಡಿಗೆ ಊರಿ ಬಗ್ಗಿದಳು. ಕಪ್ಪು ಬಟ್ಟೆಯ ಆ ಪುಟ್ಟ ಬೆನ್ನಿನ ಮೇಲೆ ಟೀಚರ್ ನೋಟ್‌ಬುಕ್ ಇಟ್ಟರು. ಕೆಳಗೆ ದಾರಿಯ ತಿರುವಿನಲ್ಲಿ ಇಸಾಬೆಲಿನೊ ನಿಂತು ಇವರಿಗಾಗಿ ಕಾಯುತ್ತಿದ್ದ. ಪೆನ್ನು ಎಡದಿಂದ ಬಲಕ್ಕೆ ಹೋಯಿತು, ನಿಂತಿತು, ಒಂದು ಚುಕ್ಕೆ ಇಟ್ಟಿತು, ಮತ್ತೆ ಎಡಕ್ಕೆ ಬಂದು ಎರಡನೆಯ ಸಾಲು ಹಿಡಿಯಿತು. ಸುನಿಲ್ಡಾ ಉಸಿರು ಬಿಗಿಹಿಡಿದು, ಬೆನ್ನು ಅಲುಗದಂತೆ ನಿಂತಳು.